ಟೆರೇಸಿನಲ್ಲಿ ಒಣಗಿದ ಖುಬೂಸ್

“ಅಜ್ಜೀ, ಪ್ಲೀಸ್! ವಾಟ್ ವಿಲ್ ಪೀಪಲ್ ಥಿಂಕ್?” ಎನ್ನುತ್ತ ನನ್ನ ಹದಿಮೂರರ ಮಗಳು ಶ್ವೇತಾ ಟೆರೇಸಿನಿಂದ ದಡದಡನೆ ಇಳಿದು ಬಂದಳು. ಮೇಲೆ ನನ್ನ ಅತ್ತೆ ಹಳೆಯ ಸೀರೆ ಹಾಸಿ, ಉಳಿದ ಖುಬೂಸ್ ರೊಟ್ಟಿಯನ್ನು ಚೂರು ಮಾಡಿ ಹಪ್ಪಳದಂತೆ ಒಣಗಿಸುತ್ತಿದ್ದರು. ಅದು 1990ರ ಆಗಸ್ಟ್. ಕುವೈತಿಗೆ ಇರಾಕಿನ ಸೈನ್ಯ ನುಗ್ಗಿತ್ತು. ನಮ್ಮನ್ನು ನೋಡಲು ಮಂಗಳೂರಿನಿಂದ ಬಂದಿದ್ದ ಅತ್ತೆ ಅಲ್ಲಿನ ಫರ್ವಾನಿಯಾ ಬಡಾವಣೆಯ ಫ್ಲ್ಯಾಟಿನಲ್ಲಿ ನಮ್ಮೊಡನೆ ಸಿಕ್ಕಿಬಿದ್ದಿದ್ದರು. ನಿಜ ಹೇಳಬೇಕೆಂದರೆ, ಆ ರೊಟ್ಟಿ ಚೂರುಗಳನ್ನು ಕಂಡು ನನಗೂ ನಾಚಿಕೆಯಾಗಿತ್ತು.

ಕೆಲವು ದಿನಗಳ ಮೇಲೆ ಶ್ವೇತಾ ಮತ್ತು ನಾನು ಬೇಕರಿಯ ಹೆಂಗಸರ ಸಾಲಿನಲ್ಲಿ ಮೂರು ಗಂಟೆ ನಿಂತೆವು. ನಮ್ಮ ಸರದಿ ಬರುವಷ್ಟರಲ್ಲಿ “ಖಲಾಸ್!” ಎಂದು ಬಾಗಿಲೆಳೆದರು. ಬರಿಗೈಯಲ್ಲಿ ಬಂದ ನಮ್ಮನ್ನು ಕಂಡು ಅತ್ತೆ ಅಡುಗೆಮನೆಗೆ ನಡೆದರು. ಒಣಗಿದ ಚೂರುಗಳಿಗೆ ಬಿಸಿನೀರು ಚಿಮುಕಿಸಿ, ಸಾಸಿವೆ, ಒಣಮೆಣಸಿನ ಒಗ್ಗರಣೆ ಕೊಟ್ಟು, ಅವಲಕ್ಕಿಯಂತೆ ಕಲಸಿ ಬಡಿಸಿದರು. ಶ್ವೇತಾ ಎರಡನೆಯ ಸಲವೂ ತಟ್ಟೆ ಮುಂದೆ ಮಾಡಿದಳು.

ಮತ್ತೆ ಖುಬೂಸ್ ಸಿಕ್ಕ ದಿನ ಅವಳು ತನ್ನ ಪಾಲಿನಲ್ಲಿ ಅರ್ಧ ತೆಗೆದಿಟ್ಟಳು. ಟೆರೇಸಿನಲ್ಲಿ ಅಜ್ಜಿಯ ಸೀರೆಯ ಪಕ್ಕ ತನ್ನ ದುಪಟ್ಟಾ ಹಾಸಿದಳು. ಆಮೇಲೆ, ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರಿಸುತ್ತಿದ್ದ ಹುಡುಗಿ ಕನ್ನಡದಲ್ಲಿ ಹೇಳಿದಳು: “ಅಜ್ಜೀ, ನೀವು ನೆರಳಲ್ಲಿ ಕೂತ್ಕೊಳ್ಳಿ. ಪಾರಿವಾಳ ನಾನು ಓಡಿಸ್ತೇನೆ.”

ಕುವೈತ್ ಬಿಟ್ಟು ಹೊರಡುವಾಗ ತಲೆಗೊಂದೇ ಚೀಲ. ನಾನು ರೇಷ್ಮೆ ಸೀರೆಗಳನ್ನು ತುಂಬಿಕೊಂಡೆ, ಮಗಳು ಒಣ ಖುಬೂಸಿನ ಡಬ್ಬಿಯನ್ನು. ಜೋರ್ಡಾನ್‌ವರೆಗಿನ ಮರುಭೂಮಿಯ ದಾರಿಯಲ್ಲಿ ಬಸ್ಸಿನವರೆಲ್ಲ ಕೈಚಾಚಿದ್ದು ಅವಳ ಚೀಲಕ್ಕೆ.