ವೈಫೈ ಪಾಲಾಯಿತು

ಪರರ ಮನೆ ಪಾಲು ಮಾಡಿಸುವುದು ವಕೀಲಮ್ಮನ ಕಸುಬು. ಅಣ್ಣತಮ್ಮಂದಿರ ನಡುವೆ ಗೋಡೆ ಎಬ್ಬಿಸುವುದರಲ್ಲಿ, ಗಂಡಹೆಂಡಿರನ್ನು ಬಿಡಿಸುವುದರಲ್ಲಿ ಅವಳದು ಎತ್ತಿದ ಕೈ. ತನ್ನ ಮನೆಯಲ್ಲಿ ಮಾತ್ರ ಗಂಡನ ಅಣ್ಣನ ಜೊತೆ ಒಂದೇ ಸೂರು, ಒಂದೇ ವೈಫೈ ಹಂಚಿಕೊಂಡು ಹಲ್ಲು ಕಚ್ಚಿ ಬಾಳುತ್ತಿದ್ದಳು.

ಭಾವನಿಗೆ ಸ್ಮಾರ್ಟ್ ಸಾಮಾನುಗಳ ಹುಚ್ಚು. ಮಾತಿಗೆ ಹೊತ್ತಿಕೊಳ್ಳುವ ಬಲ್ಬು, ಬಾಗಿಲಲ್ಲಿ ಪಿಳಿಪಿಳಿ ಕಣ್ಣು ಬಿಡುವ ಕ್ಯಾಮೆರಾ, ಕೇಳದಿದ್ದರೂ ಉತ್ತರಿಸುವ ಸ್ಪೀಕರು. ಈ ಸೇನೆಯ ಪಟ್ಟದಾನೆ ಎಂದರೆ ನಡುಮನೆಯ ಟಿವಿ.

ಒಂದು ಭಾನುವಾರ ಭಾವ ತನ್ನ ವಾಕಿಂಗ್ ಗೆಳೆಯನನ್ನು ಸೋಫಾದಲ್ಲಿ ಕೂರಿಸಿ, ಪ್ರವಾಸದ ಫೋಟೋ ತೋರಿಸಲು ರಿಮೋಟ್ ಒತ್ತಿದ. ಟಿವಿ ವೈಫೈಯನ್ನೆಲ್ಲ ಮೂಸಿ ನೋಡಿ, ವಕೀಲಮ್ಮನ ಕಂಪ್ಯೂಟರಿಗೇ ಮೂತಿ ತೂರಿಸಿತು. ಪರದೆಯ ಮೇಲೆ ಮೂಡಿದ್ದು ಒದ್ದು ಮುರಿದ ಕೋಣೆಬಾಗಿಲು. ಕಕ್ಷಿದಾರಳೊಬ್ಬಳು ಕೊಟ್ಟ ಸಾಕ್ಷಿ. ಒದ್ದ ಕಾಲು, ಅಂದರೆ ಈ ಗೆಳೆಯನ ಕಾಲು, ಅದೇ ಸೋಫಾದ ಮೇಲೆ ಆರಾಮವಾಗಿ ಚಾಚಿಕೊಂಡಿತ್ತು. ಹೆಂಡತಿ ವಕೀಲರ ಬಳಿ ಹೋಗಿರುವುದು ಆ ಕಾಲಿನ ಒಡೆಯನಿಗೆ ಇನ್ನೂ ಗೊತ್ತಿರಲಿಲ್ಲ. ಗೊತ್ತಾದರೆ, ಅವಳು ಮನೆ ಬಿಡುವ ಮೊದಲೇ ಮುಂದಿನ ಒದೆತ ಬೀಳುವುದು ಬಾಗಿಲಿಗಲ್ಲ, ಅವಳಿಗೆ.

ಅವನು ಫೋನಿನಿಂದ ತಲೆಯೆತ್ತುವಷ್ಟರಲ್ಲಿ ವಕೀಲಮ್ಮ ಮೇನ್ ಸ್ವಿಚ್ ಕೆಡವಿದ್ದಳು.

ಮಧ್ಯಾಹ್ನವೇ ಪಾಲು ನಡೆಯಿತು. ವಾದಿ, ವಕೀಲೆ, ನ್ಯಾಯಾಧೀಶೆ ಮೂವರೂ ಅವಳೇ. ಕಂಪ್ಯೂಟರಿನ ಫೋಲ್ಡರಿಗೆ ಬೀಗ ಜಡಿದಳು, ಹಳೆಯ ವೈಫೈಗೆ ಹೊಸ ಪಾಸ್‌ವರ್ಡ್ ಹಾಕಿದಳು. ರೂಟರಿನಲ್ಲಿ ಅತಿಥಿಗಳಿಗೆಂದು ಇನ್ನೊಂದು ವೈಫೈ ತೆರೆದು, ಟಿವಿ, ಬಲ್ಬು, ಕ್ಯಾಮೆರಾ, ಸ್ಪೀಕರನ್ನು ಅಲ್ಲಿಗೆ ಗಡೀಪಾರು ಮಾಡಿದಳು. ಅವು ಅಲ್ಲಿ ತಮ್ಮತಮ್ಮೊಳಗೆ ಏನಾದರೂ ಹರಟಿಕೊಳ್ಳಲಿ. ಅವಳ ಕಂಪ್ಯೂಟರಿನ ಕಡೆ ತಲೆ ಹಾಕುವಂತಿಲ್ಲ.

ಸಂಜೆ ಭಾವ ಬುಸುಗುಡುತ್ತ ಬಂದ. "ನನ್ನ ಬಲ್ಬು ನನ್ನ ಮಾತೇ ಕೇಳ್ತಿಲ್ಲ."

"ಫೋನನ್ನೂ ಆ ಕಡೆಗೇ ಹಾಕ್ಕೊಳ್ಳಿ ಭಾವ, ಕೇಳುತ್ತೆ."

"ಆ ಕಡೆ ಅಂದ್ರೆ? ಅತಿಥಿ ಕಡೆನಾ? ಈ ಮನೆಗೆ ಹಿರೀ ಮಗ ನಾನು. ನನ್ನೇ ನೆಂಟ ಮಾಡ್ತೀಯಾ?"

"ನೆಂಟರಾದ್ರೆ ಎರಡು ದಿನಕ್ಕೆ ಹೊರಡ್ತಾರೆ," ಎಂದಳು ವಕೀಲಮ್ಮ. "ನಿಮಗೆ ಆ ಭಾಗ್ಯ ಇಲ್ಲ."

"ಎರಡೂ ಕಡೆ ಇರ್ತೀನಿ. ಹಳೇದಕ್ಕೆ ಹೊಸ ಪಾಸ್‌ವರ್ಡ್ ಹೇಳು."

"ಪಾಲಾದ ಮೇಲೆ ಎರಡೂ ಮನೇಲಿ ಉಣ್ಣೋ ಹಾಗಿಲ್ಲ ಭಾವ. ಬೇಕಿದ್ರೆ ಅಪೀಲು ಹೋಗಿ."

ಅಪೀಲು ಅತ್ತೆಯ ಮುಂದೆ ಬಂತು. ಅತ್ತೆ ಕನ್ನಡಕದ ಮೇಲಿಂದ ಮಗನನ್ನು ನೋಡಿ, "ಹೋಗೋ, ನಿನ್ನ ಬಲ್ಬಿನ ಜೊತೆಗೇ ಇರು," ಎಂದರು. ಭಾವ ದುಸುಮುಸು ಎನ್ನುತ್ತ ಫೋನು ಹಿಡಿದು ಗಡಿ ದಾಟಿದ.

ಮುಂದಿನ ಭಾನುವಾರ ಗೆಳೆಯ ಮತ್ತೆ ಬಂದ. ಭಾವ ಹಟಕ್ಕೆ ಬಿದ್ದು ಮತ್ತೆ ರಿಮೋಟ್ ಒತ್ತಿದ. ವಕೀಲಮ್ಮ ಕೋಣೆಯಲ್ಲಿ ಅದೇ ಕಕ್ಷಿದಾರಳ ಅರ್ಜಿ ಬರೆಯುತ್ತಿದ್ದವಳು ಬೆರಳು ನಿಲ್ಲಿಸಿ ನಡುಮನೆಯತ್ತ ಕಿವಿಗೊಟ್ಟಳು. ಟಿವಿ ಮೂಸಿತು, ಹುಡುಕಿತು. ಅದರ ಪಾಲಿಗೆ ಉಳಿದಿದ್ದುದು ಭಾವನ ಫೋನು ಒಂದೇ. ಪರದೆಯ ತುಂಬ ಬೋಳುಬೋಳಾಗಿ, ಎಣ್ಣೆ ಮಿರುಗುತ್ತ ಏನೋ ಹರಡಿಕೊಂಡಿತು.

"ಇದ್ಯಾವ ಮೈದಾನನಯ್ಯಾ?" ಎಂದ ಗೆಳೆಯ.

"ಮೈದಾನ ಅಲ್ಲಪ್ಪ, ನಮ್ಮವನ ನೆತ್ತಿ," ಎಂದರು ಅತ್ತೆ. "ಕೂದಲು ಬಂತಾ ಅಂತ ತಾನೇ ತೆಕ್ಕೋತಾನೆ."

ಮುಂದಿನ ಫೋಟೋ. ಅದೂ ನೆತ್ತಿಯೇ. ಅದರ ಮುಂದಿನದೂ.

"ಏಯ್, ಸ್ವಲ್ಪ ಕರೆಂಟು ತೆಗಿಯಮ್ಮ," ಎಂದು ಭಾವ ಅಂಗಲಾಚಿದ.

"ಕೆಲಸದಲ್ಲಿದ್ದೀನಿ ಭಾವ," ಎಂದು ವಕೀಲಮ್ಮ ಅರ್ಜಿಯ ಮುಂದಿನ ಸಾಲಿಗೆ ಇಳಿದಳು.