ಜೀಪು ಹೊರಡುವ ಮೊದಲೇ ಅಕ್ಕಿ

ಬೆಳಗಿನ ಐದೂಮುಕ್ಕಾಲು. ಕುಶಾಲನಗರದ ಹಿಂಬೀದಿಯ ನ್ಯಾಯಬೆಲೆ ಅಂಗಡಿಯ ಷಟರ್ ಎತ್ತಿ ಕಾಳಮ್ಮ ತೂಕದ ತಟ್ಟೆ ಒರೆಸುತ್ತಾರೆ. ಹೊರಗೆ ಆಗಲೇ ಇಪ್ಪತ್ತು ಜನ. ಹೆಚ್ಚಿನವರು ಕಾಫಿ ತೋಟಕ್ಕೆ ಹೋಗುವ ಹೆಂಗಸರು. ಕೈಯಲ್ಲಿ ಬುತ್ತಿ, ಕಂಕುಳಲ್ಲಿ ಖಾಲಿ ಚೀಲ. ಏಳಕ್ಕೆ ತೋಟದ ಜೀಪು ಬರುತ್ತದೆ, ಅಷ್ಟರಲ್ಲಿ ಇವರೆಲ್ಲರ ಅಕ್ಕಿ ತೂಗಿ ಮುಗಿಯಬೇಕು. ಕಾಫಿ ಕೊಯ್ದು ಸವೆದ ಬೆರಳನ್ನು ಹೆಬ್ಬೆಟ್ಟಿನ ಮೆಷಿನ್ ಗುರುತಿಸುವುದಿಲ್ಲ. ಅದಕ್ಕೆಂದೇ ಕಾಳಮ್ಮ ಪಕ್ಕದಲ್ಲೊಂದು ಬಿಸಿನೀರಿನ ಚೊಂಬು ಇಟ್ಟುಕೊಂಡಿದ್ದಾರೆ. ಅದ್ದಿ, ಒರೆಸಿ, ಒತ್ತಿದರೆ ಹತ್ತರಲ್ಲಿ ಎಂಟು ಮಂದಿಯದು ಸರಿಹೋಗುತ್ತದೆ.

ಐವತ್ತಾರರ ಕಾಳಮ್ಮ ಶಿರಂಗಾಲದ ಕಡೆಯವರು, ಅಜ್ಜನ ಕಾಲಕ್ಕೆ ಹಾಸನದಿಂದ ಬಂದ ಮನೆತನ. ಚಿಕ್ಕಂದಿನಲ್ಲಿ ಕೂಲಿಗೆ ಹೋಗುತ್ತಿದ್ದ ತಾಯಿಯ ಜೊತೆ ಇದೇ ಊರಿನ ರೇಷನ್ ಸಾಲಿನಲ್ಲಿ ನಿಂತಿದ್ದಾರೆ. ಆಗ ಬಾಗಿಲು ತೆರೆಯುತ್ತಿದ್ದುದು ಹತ್ತಕ್ಕೆ. ದೊಡ್ಡ ಬೀದಿಯ ಮನೆಗಳಿಂದ ಆಳಿನ ಕೈಯಲ್ಲಿ ಕಾರ್ಡು ಬಂದರೆ ಸಾಕು, ಮೊದಲ ತೂಕ ಅವರದು.

"ನಮ್ ಸರದಿ ಬರೋ ಹೊತ್ಗೆ ನುಚ್ಚು ಉಳಿದಿರೋದು. ಒಂದೊಂದ್ ಸಲ ಅದೂ ಇಲ್ಲ. ಅವತ್ತಿನ ಕೂಲೀನೂ ಹೋಯ್ತು, ಅವ್ವ ಬರೀ ಚೀಲ ಹಿಡ್ಕಂಡು ಬರೋಳು," ಎನ್ನುತ್ತಾರೆ.

ಹನ್ನೊಂದು ವರ್ಷದ ಹಿಂದೆ ಅಂಗಡಿ ನಡೆಸುವ ಸೊಸೈಟಿಯವರು ಕಾಳಮ್ಮನನ್ನು ತೂಕದ ಕೆಲಸಕ್ಕೆ ತೆಗೆದುಕೊಂಡರು. ಅಷ್ಟರಲ್ಲಿ ಆಳಿನ ಕಾರ್ಡಿನ ಕಾಲ ಮುಗಿದಿತ್ತು. ಬಾಗಿಲು ಮಾತ್ರ ಹತ್ತಕ್ಕೇ ತೆರೆದು ಐದಕ್ಕೆ ಮುಚ್ಚುತ್ತಿತ್ತು. ಒಂದು ಸಂಜೆ ತೋಟದಿಂದ ಓಡಿಬಂದ ಚೋಮಿ ಎಂಬುವವರು ಬೀಗ ಹಾಕಿದ ಬಾಗಿಲ ಮುಂದೆ ಕೂತುಬಿಟ್ಟರು. ಆ ತಿಂಗಳು ಅದು ಮೂರನೆಯ ಸಲ. ಕಾಳಮ್ಮ ಅವರನ್ನು ಮನೆಗೆ ಕರೆದೊಯ್ದು ತಮ್ಮ ಡಬ್ಬದ ಅಕ್ಕಿಯಲ್ಲಿ ಅರ್ಧ ಸುರಿದುಕೊಟ್ಟರು. ಮರುದಿನ, ಜೀಪಿಗೆ ಮೊದಲೇ ಅಂಗಡಿ ತೆರೆಯುತ್ತೇನೆಂದು ಸೊಸೈಟಿಯ ಕಾರ್ಯದರ್ಶಿ ಬೋಜಪ್ಪನವರ ಬಳಿ ಬೀಗದಕೈ ಕೇಳಿದರು.

ಅಷ್ಟು ಬೆಳಿಗ್ಗೆ ಯಾರು ಬರುತ್ತಾರೆ ಎಂದು ಬೋಜಪ್ಪನವರಿಗೆ ಅನುಮಾನ. ಒಂದು ತಿಂಗಳು ನೋಡೋಣ ಎಂದು ಒಪ್ಪಿಕೊಂಡರು. ಮೊದಲ ದಿನ ಬಂದವರು ಆರು ಜನ, ವಾರ ಕಳೆಯುವುದರೊಳಗೆ ಸಾಲು ಬೀದಿಯ ತಿರುವು ಮುಟ್ಟಿತು. ಈಗ ಜೀಪು ಬರುವುದರೊಳಗೆ ನಲವತ್ತು ಕಾರ್ಡು, ಹತ್ತರ ನಂತರ ಇನ್ನೂ ಅರವತ್ತು.

"ಈಗ ಅಕ್ಕಿಗೆ ಅಂತ ಕಾಫಿ ಪಿಕ್ಕಿಂಗ್ ಬಿಡೋದಿಲ್ಲ," ಎಂದು ಚೋಮಿ ಚೀಲವನ್ನು ತಲೆಗೇರಿಸುತ್ತಾರೆ.

ತಮ್ಮ ಸ್ವಂತ ಕಾರ್ಡನ್ನು ಕಾಳಮ್ಮ ತೂಗಿಕೊಳ್ಳುವುದು ಎಲ್ಲರದೂ ಮುಗಿದ ಮೇಲೆ, ತಿಂಗಳ ಕೊನೆಗೆ. ಏಕೆಂದು ಕೇಳುತ್ತೇನೆ.

"ಕಮ್ಮಿ ಬಿದ್ರೆ ನಮ್ಮನೇಗೇ ಬೀಳ್ಲಿ ಅಂತ."

ಎಷ್ಟು ಸಲ ಬಿದ್ದಿದೆ?

ಅವರು ಮುಂದಿನ ಚೀಲದ ಬಾಯಿ ಬಿಚ್ಚುತ್ತಾ ಹೇಳುತ್ತಾರೆ: "ಇಲ್ಲೀಗಂಟ ಬಿದ್ದಿಲ್ಲ."