ದೆಹಲಿ ಸಾಹೇಬರು ನುಂಗಿದ ಮುದ್ದೆ

“ಅಗೀಬ್ಯಾಡ ಕಣಪ್ಪ, ನುಂಗು!” ಎಂದು ನಾನು ಕೂಗಿದೆ. ತೊಣ್ಣೂರಿನ ನಮ್ಮ ಜಗಲಿಯಲ್ಲಿ ರಾಗಿಮುದ್ದೆ ಅಗಿಯುತ್ತಿದ್ದ ದೆಹಲಿ ಸಾಹೇಬರ ಬಾಯಿ ಹಾಗೇ ನಿಂತುಹೋಯಿತು.

ಮೊಮ್ಮಗಳು ಸವಿತ ಬೆವೆತುಹೋದಳು. ಅವಳ ಹೊಸ ರಾಗಿ ತಳಿಯ ಸಂಶೋಧನೆಗೆ ಸರ್ಕಾರದ ಹಣ ಕೊಡಿಸುವವರು ಅವರೇ. ಆ ರಾಗಿಯ ಬಗ್ಗೆ ಕೆ.ಆರ್.ಎಸ್. ಹೋಟೆಲಿನಲ್ಲಿ ಎರಡು ದಿನ ಸಭೆ ನಡೆಸಿದ್ದರು. ಹಾರ, ಶಾಲು, ಪಲಾವು, ಐಸ್‌ಕ್ರೀಮು ಎಲ್ಲ ಆಯಿತಂತೆ. ರಾಗಿಯನ್ನು ಮಾತ್ರ ಒಬ್ಬರೂ ಬಾಯಿಗಿಟ್ಟಿರಲಿಲ್ಲ! ಮೂರನೆಯ ದಿನ ಹೊಲ ನೋಡಲು ನಾಲ್ಕು ಕಾರಿನಲ್ಲಿ ಐದು ಜನ ಬಂದರು. ನಾನು ಬಿಡುತ್ತೇನೆಯೇ? ಅದೇ ರಾಗಿಯ ಮುದ್ದೆ ಕಟ್ಟಿ, ಉಪ್ಸಾರು ಬಿಟ್ಟು ಕೂರಿಸಿದ್ದೆ.

“ಸುಮ್ಕಿರಜ್ಜಿ, ದುಡ್ಡು ಇವ್ರ ಕೈಲೈತೆ!” ಎಂದು ಸವಿತ ಪಿಸುಗುಟ್ಟಿದಳು.

“ಇರ್ಲಿ ಬುಡವ್ವ, ಮುದ್ದೆ ನನ್ ಕೈಲೈತೆ. ನುಂಗ್ದೆ ರಾಗಿ ಎಂಗೈತೆ ಅಂತ ಎಂಗ್ ಗೊತ್ತಾದಾತು? ಅಂಗಂತ ಏಳು ಅವ್ರಿಗೆ.”

ಅವಳು ಅದನ್ನೇ ಹಿಂದಿಯಲ್ಲಿ ಹೇಳಿದಳು. ಸಾಹೇಬರು ಕಣ್ಣು ಮುಚ್ಚಿ ನುಂಗಿದರು. ಆಮೇಲೆ ಎರಡನೆಯ ಮುದ್ದೆಗೂ ತಟ್ಟೆ ಚಾಚಿದರು.

ಹಣ ಮಂಜೂರಾದ ಕಾಗದ ಮೊನ್ನೆ ಬಂತು. ನನಗೆ ಓದು ಅಷ್ಟಕ್ಕಷ್ಟೆ, ಆದರೂ ಅದನ್ನು ಹಿಡಿದು ಬೀದಿಗೆಲ್ಲ ತೋರಿಸಿ ಬಂದೆ. ಮುಂದಿನ ಸಭೆ ನಮ್ಮ ಜಗಲಿಯಲ್ಲೇ ಆಗಲಿ. ಹಾರ ಬೇಡ, ಶಾಲು ಬೇಡ, ಹಲ್ಲೂ ಬೇಡ.